ಹಸಿರು ದೀಪಗಳ ಸಾಲಿನಲ್ಲಿ ಒಂದು ಹಳದಿ

"ಎಷ್ಟೊತ್ತ ಆ ದೀಪಾ ನೋಡಕೋತ ನಿಂದ್ರತೀರಿ ಮೇಡಂ?" ಎಂದ ಚೇತನಕುಮಾರ.

ಟಿಕೋಟಾದ ಆ ಕೋಲ್ಡ್ ಸ್ಟೋರೇಜಿನಲ್ಲಿ, ಹರಾಜು ನಡೆಯುವ ಲಿಲಾವು ಹಾಲಿಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ, ಗೋಡೆಗೆ ಬಡಿದ ತಗಡಿನ ಪೆಟ್ಟಿಗೆಯ ಬಾಗಿಲು ತೆರೆದು ನಿಂತಿದ್ದೆ. ಒಳಗೆ ನೆಟ್‌ವರ್ಕಿನ ಸ್ವಿಚ್ಚು. ಹಾಲಿನ ಕಂಪ್ಯೂಟರುಗಳಿಂದ ಬರುವ ತಂತಿಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಒಂದೊಂದು ತಂತಿಯ ಬಾಯಿಗೆ ಒಂದೊಂದು ದೀಪ. ಎಲ್ಲವೂ ಹಸಿರು. ಒಂದು ಮಾತ್ರ ಹಳದಿ.

ಬೆಳಗಿನಿಂದ ಅದೇ ಪೆಟ್ಟಿಗೆಯ ಮುಂದೆ ಮೂರು ಸಲ ಓಡಾಡಿದ್ದೆ. ಕಣ್ಣಿಗೆ ಬಿದ್ದಿರಲಿಲ್ಲ. ಈಗ ಬಿತ್ತು. ಪತ್ತೇದಾರಿಕೆ ಮಾಡುವವಳಿಗೆ ಇದಕ್ಕಿಂತ ದೊಡ್ಡ ಖುಷಿ ಇನ್ನೊಂದಿಲ್ಲ. ಚೇತನಕುಮಾರ ಪಕ್ಕದಲ್ಲಿಲ್ಲದಿದ್ದರೆ ಒಂದು ಸೀಟಿ ಹೊಡೆದುಬಿಡುತ್ತಿದ್ದೆ.

ಈ ಹಾಲಿನಲ್ಲಿ ಒಣದ್ರಾಕ್ಷಿಯ ಲಿಲಾವು ಗುಟ್ಟಾಗಿ ನಡೆಯಬೇಕು, ಆದರೆ ಯಾರೋ ಎಲ್ಲರ ದರವನ್ನೂ ಕದ್ದು ನೋಡುತ್ತಿದ್ದರು. ಆ ಅಪವಾದ ಕಂಪ್ಯೂಟರ್ ನೋಡಿಕೊಳ್ಳುವ ಪೂನಮಳ ಮೇಲೆ ಬಿದ್ದಿತ್ತು. ಅವಳ ತಾಯಿ ಪರಸವ್ವ ಹೊನವಾಡದಿಂದ ಬಸ್ಸು ಹತ್ತಿ, ವಿಜಯಪುರದ ಜೋರಾಪುರ ಪೇಟೆಯಲ್ಲಿರುವ ನನ್ನ ಕಚೇರಿಯನ್ನು ಕೇಳುತ್ತ ಕೇಳುತ್ತ ಬಂದು, "ನನ್ನ ಮಗಳು ಅಂಥಾಕಿ ಅಲ್ರಿ ಸಬೀರಾ ಬಾಯಾರ" ಎಂದು ನನ್ನ ಕೈ ಹಿಡಿದಿದ್ದಳು.

ಕೋಲ್ಡ್ ಸ್ಟೋರೇಜಿನ ಮಾಲೀಕರು ಯಲಗೂರಪ್ಪ ಗೌಡರು. ಇವತ್ತಿನ ಲಿಲಾವು ಮುಗಿಯುವ ತನಕ ಮಾತ್ರ ನನಗೆ ಗಡುವು ಕೊಟ್ಟಿದ್ದರು. ಆಮೇಲೆ ಠಾಣೆ. ಹವಾಲ್ದಾರರನ್ನು ಕಳಿಸಲು ಬೆಳಿಗ್ಗೆಯೇ ಫೋನು ಹೋಗಿತ್ತು. ಪೂನಮ ಸರ್ಕಾರಿ ನೌಕರಿಗೆ ಆಯ್ಕೆಯಾಗಿದ್ದಾಳೆ, ಪೊಲೀಸರು ಅವಳ ನಡತೆಯ ಬಗ್ಗೆ ವರದಿ ಕೊಡುವುದೊಂದೇ ಬಾಕಿ. ಈ ಹೊತ್ತಿನಲ್ಲಿ ಅವಳ ಹೆಸರಿಗೆ ಒಂದು ಕೇಸು ಬಿದ್ದರೆ ನೌಕರಿ ಕೈಬಿಟ್ಟಂತೆಯೇ. ಹೊಲದ ಕೂಲಿ ಮಾಡಿ ಓದಿಸಿದ ಪರಸವ್ವ ಈಗ ಹೊರಗೆ ತೂಕದ ಕಟ್ಟೆಯ ಮೇಲೆ ಕುಳಿತು ಬಾಗಿಲನ್ನೇ ನೋಡುತ್ತಿದ್ದಳು.

ಪೂನಮ ನನ್ನ ಪಕ್ಕದ ಸ್ಟೂಲಿನ ಮೇಲಿದ್ದಳು. ಬೆಳಗಿನಿಂದ ಅವಳನ್ನು ನನ್ನ ಕಣ್ಣಳತೆಯಿಂದ ಆಚೆ ಬಿಟ್ಟಿರಲಿಲ್ಲ. ಅವಳ ಫೋನು ನನ್ನ ಚೀಲದಲ್ಲಿತ್ತು, ಸರ್ವರ್ ಇರುವ ಗೌಡರ ಆಫೀಸಿಗೆ ಬೀಗ ಬಿದ್ದಿತ್ತು. ಆದರೂ ಒಣದ್ರಾಕ್ಷಿಯ ಮೊದಲನೆಯ ಲಾಟು ಬಬಲೇಶ್ವರದ ವ್ಯಾಪಾರಿ ಅಮೋಘಸಿದ್ದನ ಪಾಲಾಗಿತ್ತು. ಪ್ರತಿ ಸಲದಂತೆ ಎಲ್ಲರ ದರ ಬಂದ ಮೇಲೆ ಅವನದು ಬಂತು, ಪ್ರತಿ ಸಲದಂತೆ ಎಲ್ಲರಿಗಿಂತ ಕೂದಲೆಳೆಯಷ್ಟು ಮೇಲಿತ್ತು.

ಗೌಡರು ಅಷ್ಟಕ್ಕೇ ಮೆತ್ತಗಾಗಿದ್ದರು. ಆಕೆ ಕೈ ಹಚ್ಚದೆಯೂ ಆಯಿತಲ್ಲ ಎಂದು ಗೊಣಗಿದ್ದರು. ಆದರೆ ಚೇತನಕುಮಾರ ಬಿಟ್ಟಾನೆಯೇ. ಈ ನೆಟ್‌ವರ್ಕನ್ನು ಹಾಕಿದವನು ಅವನೇ, ಸಿದ್ಧೇಶ್ವರ ಗುಡಿಯ ಹತ್ತಿರ ಅವನ ಅಂಗಡಿ. ಪೂನಮ ಮೊದಲೇ ಸರ್ವರಿನೊಳಗೆ ಏನಾದರೂ ಕೂಡಿಸಿ ಇಟ್ಟಿರಬಹುದು, ಅದು ತಾನಾಗಿಯೇ ದರ ಕಳಿಸುತ್ತಿರಬಹುದು ಎಂದು ಗೌಡರ ಕಿವಿ ಊದಿದ್ದ. ಅವರ ಮುಖ ಮತ್ತೆ ಗಟ್ಟಿಯಾಗಿತ್ತು.

"ಮೇಡಂ, ಇದು ಸ್ವಿಚ್ ಐತ್ರಿ," ಎಂದ ಈಗ, ಶಾಲೆಯ ಮಾಸ್ತರನ ಹಾಗೆ. "ಒಂದು ಕಂಪ್ಯೂಟರಿನ ಮಾತು ಇನ್ನೊಂದಕ್ಕ ಕೇಳಸಂಗಿಲ್ಲ. ದರಾ ಸಿಗೂದು ಸರ್ವರ್ ಮುಂದ ಕುಂತಾಕಿಗೆ ಮಾತ್ರ. ಆಕಿ ಯಾರು ಅಂತ ನಿಮಗ ಗೊತ್ತೈತಿ."

ಅವನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಅರ್ಧ ಸತ್ಯ ಹೇಳುವವರನ್ನು ಕಂಡರೆ ನನಗೆ ಪೂರ್ತಿ ಸುಳ್ಳು ಹೇಳುವವರಿಗಿಂತ ಹೆಚ್ಚು ಸಿಟ್ಟು.

ಸ್ವಿಚ್ಚಿನ ವ್ಯವಹಾರ ಅರ್ಥವಾಗಬೇಕಾದರೆ ಟವೆಲ್ಲಿನ ವ್ಯವಹಾರ ಗೊತ್ತಿರಬೇಕು. ಮೊದಲು ಇಲ್ಲಿ ದರ ಬಾಯಲ್ಲಿ ಹೇಳುತ್ತಿರಲಿಲ್ಲ. ದಲಾಲ ಕೈ ಮುಂದೆ ಮಾಡುತ್ತಿದ್ದ, ವ್ಯಾಪಾರಿ ಅದನ್ನು ಹಿಡಿಯುತ್ತಿದ್ದ, ಮೇಲೊಂದು ಟವೆಲ್ ಬೀಳುತ್ತಿತ್ತು. ಒಳಗೆ ಬೆರಳು ಒತ್ತಿದ್ದೇ ದರ. ಪಕ್ಕದಲ್ಲಿ ನಿಂತವನಿಗೆ ಟವೆಲ್ ಅಲ್ಲಾಡುವುದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸ್ವಿಚ್ಚು ಮಾಡುವುದೂ ಅಷ್ಟನ್ನೇ. ಯಾರು ಯಾರಿಗೆ ಹೇಳಬೇಕೋ ಅವರಿಬ್ಬರ ಕೈಯನ್ನಷ್ಟೇ ಕೂಡಿಸುತ್ತದೆ, ಮೂರನೆಯವನಿಗೆ ಸುಳಿವು ಸಿಗುವುದಿಲ್ಲ.

ಆದರೆ ಸ್ವಿಚ್ಚಿಗಿಂತ ಮುಂಚೆ ಹಬ್ ಎಂಬ ಇನ್ನೊಂದು ಪೆಟ್ಟಿಗೆ ಇತ್ತು. ಅದು ಡಂಗುರ ಹೊಡೆಯುವ ಆಸಾಮಿ. ಒಬ್ಬ ಅದರ ಕಿವಿಯಲ್ಲಿ ಪಿಸುಗುಟ್ಟಿದರೂ ತನಗೆ ಸೇರಿದ ಎಲ್ಲ ತಂತಿಗಳಿಗೂ ಸಾರಿ ಹೇಳುತ್ತದೆ. ಈಗ ಅದನ್ನು ಯಾರೂ ಬಳಸುವುದಿಲ್ಲ. ಗುಜರಿಯವರ ಹತ್ತಿರ ಕೇಳಿದರೆ ಸಿಕ್ಕೀತು.

ಕದ್ದು ಕೇಳಲು ಸ್ವಿಚ್ಚಿನಲ್ಲೇ ಇನ್ನೊಂದು ದಾರಿಯೂ ಇದೆ. ಒಂದು ತಂತಿಯಲ್ಲಿ ಹೋಗಿ ಬರುವುದರ ನಕಲನ್ನು ಇನ್ನೊಂದು ತಂತಿಗೆ ಕಳಿಸು ಎಂದು ಅದಕ್ಕೆ ಅಪ್ಪಣೆ ಕೊಡಬಹುದು. ನಮ್ಮ ಕಸುಬಿನಲ್ಲಿ ಅದಕ್ಕೆ ಕನ್ನಡಿ ಹಿಡಿಯುವುದು ಎನ್ನುತ್ತೇವೆ. ಬೆಳಿಗ್ಗೆ ಬಂದವಳೇ ಅದನ್ನು ನೋಡಿದ್ದೆ, ಯಾರೂ ಕನ್ನಡಿ ಹಿಡಿದಿರಲಿಲ್ಲ. ಆಮೇಲೆ ಗೌಡರ ಒಪ್ಪಿಗೆ ಪಡೆದು ಸರ್ವರಿನ ತಂತಿಗೆ ನಾನೇ ಹಿಡಿದೆ. ಮೊದಲ ಲಾಟಿನ ದರಗಳೆಲ್ಲ ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದೊಂದಾಗಿ ಹಾದುಹೋಗಿದ್ದವು. ಕದಿಯುವವನು ಮಾತ್ರ ಎಲ್ಲೂ ಕಂಡಿರಲಿಲ್ಲ.

ಈಗ ಆ ಹಳದಿ ದೀಪ. ಅದು ಸರ್ವರಿನ ತಂತಿಯದೇ.

ಲ್ಯಾಪ್‌ಟಾಪಿನಲ್ಲಿ ಸ್ವಿಚ್ಚಿನ ಪುಟ ತೆರೆದೆ. ಉಳಿದ ತಂತಿಗಳೆಲ್ಲ ಪೂರ್ತಿ ವೇಗದಲ್ಲಿದ್ದವು. ಸರ್ವರಿನದು ಮಾತ್ರ ನಿಧಾನ. ಅಷ್ಟೇ ಅಲ್ಲ, ಆ ತಂತಿಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು ಎಂಬ ಹಳೆಯ ಕಾಲದ ಕಟ್ಟಳೆ. ಹೊಸ ಯಂತ್ರಗಳು ಹೀಗೆ ಮಾತಾಡುವುದಿಲ್ಲ. ಹಬ್ಬಿನ ಜೊತೆ ಮಾತಾಡುವಾಗ ಮಾತ್ರ ಈ ನಮೂನೆ ಬಾಗುತ್ತವೆ.

"ಚೇತನ್, ಈ ಹಳದಿ ದೀಪಾ ಯಾಕ?"

"ಹಳೇ ತಂತಿ ಮೇಡಂ. ಅದಕ್ಕ ಸ್ಪೀಡ್ ಕಡಿಮಿ."

"ನಡುವ ಏನೂ ಇಲ್ಲ?"

"ಏನೂ ಇಲ್ರಿ. ಈ ತುದಿಯಿಂದ ಆ ತುದಿತನಕ ಒಂದ ತಂತಿ. ನಾನ ಎಳದೇನಿ."

ಪೂನಮಳ ಕಡೆ ನೋಡಿದೆ. ಕೇಳಿಸಿಕೊಂಡಿದ್ದಳು. ಸಾಕ್ಷಿಗೆ ಅಷ್ಟು ಸಾಕಿತ್ತು. ಅವನನ್ನು ಅಲ್ಲೇ ಬಿಟ್ಟು, ಪೂನಮಳನ್ನು ಕರೆದುಕೊಂಡು ಹಾಲಿಗೆ ಹೋದೆ.

ಎರಡನೆಯ ಲಾಟಿನ ಮಾದರಿ ಹರಿವಾಣದಲ್ಲಿ ಸುತ್ತುತ್ತಿತ್ತು. ವ್ಯಾಪಾರಿಗಳು ಹಸಿರು ಒಣದ್ರಾಕ್ಷಿಯನ್ನು ಬೆರಳಿನಲ್ಲಿ ಒತ್ತಿ, ಬಾಯಿಗೆ ಹಾಕಿಕೊಂಡು ತಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ನೋಡಿ ನಗು ಬಂತು. ಕಂಪ್ಯೂಟರ್ ಬಂದರೂ ಟವೆಲ್ ಹೋಗಿಲ್ಲ. ಪ್ರತಿಯೊಬ್ಬನೂ ಕೀಬೋರ್ಡಿನ ಮೇಲೆ ಟವೆಲ್ ಹೊದಿಸಿ, ಅದರೊಳಗೆ ಕೈ ತೂರಿಸಿ ದರ ಒತ್ತುತ್ತಾನೆ. ಇನ್ನೊಬ್ಬನ ಟವೆಲ್ಲಿನ ಕಡೆ ಕೈ ಚಾಚಿದರೆ ಕಾಲ್ಕೆರೆದು ಜಗಳಕ್ಕೆ ಹೋದಂತೆ. ಮುಂಬಾಗಿಲನ್ನು ಭದ್ರ ಮಾಡಿ ಹಿತ್ತಲ ಬಾಗಿಲನ್ನು ಮರೆತ ಮನೆ ಇದು.

ಅಮೋಘಸಿದ್ದ ಕಿಟಕಿಯ ಪಕ್ಕದಲ್ಲಿದ್ದ. ಎಲ್ಲರ ಫೋನುಗಳನ್ನೂ ಬಾಗಿಲಲ್ಲಿ ಬುಟ್ಟಿಗೆ ಹಾಕಿಸುತ್ತಾರೆ, ಅವನದೂ ಬುಟ್ಟಿಯಲ್ಲಿತ್ತು. ಆದರೆ ಅವನ ಎಡಗೈಗೆ ಹೊಸ ನಮೂನೆಯ, ಮೊಬೈಲಿನ ಹಾಗೆ ಬೆಳಗುವ ಗಡಿಯಾರವಿತ್ತು. ಬಲಗೈಯಲ್ಲಿ ಒತ್ತುವವನು ಎಡಗೈಯನ್ನೂ ಟವೆಲ್ಲಿನೊಳಗೆ ಇಟ್ಟುಕೊಂಡಿದ್ದ. ನಾನು ಹತ್ತಿರ ಹೋದಾಗ ಟವೆಲ್ಲನ್ನು ಇನ್ನಷ್ಟು ಎಳೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ.

ಕೊಳ್ಳುವವನು ಸಿಕ್ಕಿದ್ದ. ನನಗೆ ಬೇಕಾಗಿದ್ದವನು ಕದ್ದು ಕೊಡುವವನು.

ಸರ್ವರಿನ ತಂತಿ ನಮ್ಮ ಕೋಣೆಯಿಂದ ಹೊರಟು, ಹಾಲಿನ ಗೋಡೆಯ ಮೇಲ್ಭಾಗದಲ್ಲಿ ಬಿಳಿ ಪ್ಲಾಸ್ಟಿಕ್ ಪಟ್ಟಿಯೊಳಗೆ ಸಾಗಿ ಗೌಡರ ಆಫೀಸಿಗೆ ಹೋಗುತ್ತದೆ. ತಲೆ ಎತ್ತಿಕೊಂಡೇ ಅದರ ಹಿಂದೆ ನಡೆದೆ. ನಡುವೆ ಒಂದೇ ಕಡೆ ಅದು ಕಣ್ಮರೆಯಾಗುತ್ತಿತ್ತು. ಅಲ್ಲಿ ಸಿದ್ಧೇಶ್ವರನ ದೊಡ್ಡ ಫೋಟೋ, ಹೊಸ ಹೂವಿನ ಹಾರ, ಸುತ್ತ ಮಿಣುಕುವ ಸೀರಿಯಲ್ ದೀಪ. ದೀಪದ ಪ್ಲಗ್ಗು ಫೋಟೋದ ಹಿಂದೆಯೇ.

ಗೌಡರನ್ನು ಮೂಲೆಗೆ ಕರೆದು ಒಂದೇ ಪ್ರಶ್ನೆ ಕೇಳಿದೆ. ಈ ಸುಗ್ಗಿಯಲ್ಲಿ ಅಮೋಘಸಿದ್ದ ಸೋತ ಲಿಲಾವು ಯಾವುದಾದರೂ ಇದೆಯೇ?

ಗೌಡರು ಗಡ್ಡ ಕೆರೆದುಕೊಂಡರು. ಅಮಾವಾಸ್ಯೆಯ ದಿನ ನಡೆದ ಲಿಲಾವಿನಲ್ಲಿ ಅವನಿಗೆ ಒಂದು ಲಾಟೂ ದಕ್ಕಿರಲಿಲ್ಲ. ಅವತ್ತು ಫೋಟೋ ಇಳಿಸಿ, ತೊಳೆದು, ಪೂಜೆ ಮಾಡಿ ಕಾಯಿ ಒಡೆದಿದ್ದರು. ದೇವರು ಅವತ್ತು ಕಣ್ಣು ತೆರೆದಿದ್ದ ಎಂದು ಗೌಡರ ನಂಬಿಕೆ.

"ಅಮಾಸಿ ಹಿಂದಿನ ದಿನಾ ಇಲ್ಲಿ ಮತ್ಯಾರರ ಬರತಾರೇನ್ರಿ ಗೌಡ್ರ?"

"ಚೇತನ್‌ನ ಅಂಗಡ್ಯಾವ್ರು ಬರತಾರ. ತಂತಿ ಗಿಂತಿ ನೋಡಿ ಸರ್ವಿಸ್ ಮಾಡತಾರ. ಪೂಜಿ ಆದ ಮ್ಯಾಲ ಇನ್ನೊಮ್ಮಿ ಬರತಾರ. ಒಂದ ಅಮಾಸಿನೂ ತಪ್ಪಿಸಿಲ್ಲ ನೋಡ ತಂಗಿ."

ನನಗೆ ಕುಣಿಯಬೇಕೆನಿಸಿತು. ಫೋಟೋ ಇಳಿಯುವ ಮುಂಚೆ ಯಾರೋ ಬಂದು ಅದರ ಹಿಂದಿನ ಹಬ್ ಪೆಟ್ಟಿಗೆಯನ್ನೂ ಅದಕ್ಕೆ ಹಚ್ಚಿದ ಕದ್ದು ಕೇಳುವ ಯಂತ್ರವನ್ನೂ ತೆಗೆದುಕೊಂಡು ಹೋಗುತ್ತಾರೆ, ಫೋಟೋ ಏರಿದ ಮೇಲೆ ಮತ್ತೆ ತಂದು ಇಡುತ್ತಾರೆ. ಅಮಾವಾಸ್ಯೆ ಬಿಟ್ಟರೆ ಆ ಫೋಟೋವನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ. ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲೇ ಇಲ್ಲ.

ಈಗಲೇ ಫೋಟೋ ಇಳಿಸಿ ಎಂದೆ. ಗೌಡರು ಎರಡೂ ಕೈ ಮುಂದೆ ಚಾಚಿ ತಡೆದರು.

"ಸವದಾ ನಡದಾಗ ದೇವರನ್ನ ಅಲಗಾಡಸಬಾರ್ದ ತಂಗಿ. ಒಂದ ಮೊಳಿ ಸಪ್ಪಳಾದ್ರೂ ಈ ಮಂದಿ ಎದ್ದ ಹೋಗತಾರ. ಮತ್ತ ನನ್ನ ಹಾಲಿಗೆ ಯಾರೂ ಬರಂಗಿಲ್ಲ."

ವಾದ ಮಾಡಿ ಉಪಯೋಗವಿರಲಿಲ್ಲ. ಲಿಲಾವು ಮುಗಿದ ಮೇಲೆ ಇಳಿಸಬಹುದು, ಆದರೆ ಅದು ಮುಗಿದ ಗಳಿಗೆಯೇ ಹವಾಲ್ದಾರರು ಪೂನಮಳನ್ನು ಕರೆದುಕೊಂಡು ಹೊರಟುಬಿಡುತ್ತಾರೆ. ಜೊತೆಗೆ ಪೆಟ್ಟಿಗೆ ಸಿಕ್ಕರಷ್ಟೇ ಸಾಲದು. ಪೆಟ್ಟಿಗೆಯನ್ನೂ ಅವಳೇ ಇಟ್ಟಳು ಎನ್ನಲು ಚೇತನಕುಮಾರನ ನಾಲಿಗೆಗೆ ಎಲುಬಿಲ್ಲ. ಪೆಟ್ಟಿಗೆಯೇ ಬಾಯಿಬಿಟ್ಟು ತಾನು ಯಾರದು ಎಂದು ಹೇಳಬೇಕು.

ಕದ್ದು ಕೇಳುವ ಯಂತ್ರ ತನಗೆ ಸಿಕ್ಕಿದ್ದನ್ನು ಗಾಳಿಯಲ್ಲೇ ಆ ಗಡಿಯಾರಕ್ಕೆ ಕಳಿಸುತ್ತದೆಯೇ ಹೊರತು ತಂತಿಯ ಮೇಲೆ ತುಟಿ ಬಿಚ್ಚುವುದಿಲ್ಲ. ಅದಕ್ಕೇ ಬೆಳಗಿನಿಂದ ನನ್ನ ಕನ್ನಡಿಯಲ್ಲಿ ಕಂಡಿರಲಿಲ್ಲ. ಆದರೆ ಎಂಥ ಯಂತ್ರವೂ ನಿದ್ದೆಯಿಂದ ಎದ್ದ ಕೂಡಲೇ ಒಂದು ಸಲ ಮಾತಾಡುತ್ತದೆ. ನಾನು ಇಂಥವನು, ನನಗೆ ಇಲ್ಲಿ ಒಂದು ವಿಳಾಸ ಕೊಡಿ ಎಂದು ನೆಟ್‌ವರ್ಕನ್ನು ಬೇಡಿಕೊಳ್ಳುತ್ತದೆ. ಬೇಡ ಎಂದು ಮೊದಲೇ ಹೇಳಿ ಇಡದಿದ್ದರೆ ತನ್ನ ಹೆಸರನ್ನೂ ಹೇಳುತ್ತದೆ. ಅದನ್ನು ಮಲಗಿಸಿ ಎಬ್ಬಿಸಬೇಕು. ಅಂದರೆ ಕರೆಂಟು ಹೋಗಬೇಕು.

ಟಿಕೋಟಾದಲ್ಲಿ ಕರೆಂಟು ಹೋದರೆ ಯಾರಿಗೆ ಸಂಶಯ ಬರುತ್ತದೆ ಹೇಳಿ!

ಗೌಡರ ಕಿವಿಯಲ್ಲಿ ಹೇಳಿದೆ. ನಾನು ಒಂದು ಮಿಸ್ಡ್ ಕಾಲ್ ಕೊಟ್ಟಾಗ ಹಾಲಿನ ಮೇನ್ ಇಳಿಸಬೇಕು, ಇನ್ನೊಂದು ಕೊಟ್ಟಾಗ ಏರಿಸಬೇಕು, ಜನರೇಟರ್ ಹಚ್ಚಬಾರದು. ಕಂಪ್ಯೂಟರು, ಸ್ವಿಚ್ಚು, ಸರ್ವರು ಎಲ್ಲಕ್ಕೂ ಬ್ಯಾಟರಿ ಇತ್ತು. ದೇವರ ಸೀರಿಯಲ್ ದೀಪಕ್ಕೆ ಇರಲಿಲ್ಲ. ಗೌಡರ ಕಣ್ಣು ಮಿಂಚಿತು. ಈ ವಯಸ್ಸಿನಲ್ಲಿ ಕಳ್ಳನನ್ನು ಹಿಡಿಯುವ ಆಟಕ್ಕೆ ಕರೆದರೆ ಯಾರು ಬೇಡ ಎನ್ನುತ್ತಾರೆ. ಧೋತರ ಎತ್ತಿಕೊಂಡು ಮೇನ್ ಬೋರ್ಡಿನ ಕಡೆ ಹೊರಟೇಬಿಟ್ಟರು.

ನಾನೂ ಪೂನಮಳೂ ಕೋಣೆಗೆ ಮರಳಿದೆವು. ಚೇತನಕುಮಾರ ಸ್ವಿಚ್ಚಿನ ಮುಂದೆ ನಿಂತಿದ್ದ. ಅವನ ಪಕ್ಕದಲ್ಲೇ ನಿಂತು, ಅವನಿಗೆ ಕಾಣುವ ಹಾಗೆಯೇ ಫೋನು ತೆಗೆದು ಗೌಡರಿಗೆ ರಿಂಗು ಕೊಟ್ಟೆ.

ಫ್ಯಾನು ನಿಂತಿತು. ಹಾಲಿನಲ್ಲಿ ಯಾರೂ ತಲೆ ಎತ್ತಲಿಲ್ಲ, ಯಾರೋ ಒಬ್ಬ ಕೆಮ್ಮಿದ. ಸ್ವಿಚ್ಚಿನ ಹಸಿರು ದೀಪಗಳು ಬ್ಯಾಟರಿಯ ಮೇಲೆ ಹಾಗೆಯೇ ಮಿಣುಕುತ್ತಿದ್ದವು.

ಹಳದಿ ದೀಪ ಆರಿಹೋಯಿತು.

"ಸ್ವಿಚ್ಚಿಗೆ ಬ್ಯಾಟರಿ ಐತಿ," ಎಂದೆ. "ಆ ಕಡೆ ಸರ್ವರಿಗೂ ಐತಿ. ನಡುವ ಒಂದ ತಂತಿ ಅಂದಿ. ತಂತಿ ಕರೆಂಟ್ ತಿಂತೈತೇನ ಚೇತನ್?"

ಅವನು ಆರಿದ ದೀಪವನ್ನೇ ನೋಡಿದ. ಹಣೆಯ ಮೇಲೆ ಬೆವರು ಮೂಡಿತು, ಕರವಸ್ತ್ರಕ್ಕಾಗಿ ತಡಕಾಡಿದ. ಫ್ಯಾನು ನಿಂತದ್ದಕ್ಕೆ ಬಂದ ಬೆವರು ಅದಲ್ಲ.

"ನಡುವ ಏನೋ ಐತಿ. ಕರೆಂಟ್ ಬೇಕಾದದ್ದು. ದೇವರ ಹಿಂದ ಕುಂತೈತಿ."

"ನನಗ ಗೊತ್ತಿಲ್ರಿ," ಎಂದ. ಬೆವರು ಒರೆಸಿಕೊಂಡು, "ನಮ್ಮ ಹುಡುಗೂರು ಏನರ ಮಾಡಿರಬೇಕು. ಫೋನ್ ಹಚ್ಚಿ ಕೇಳತೇನಿ."

"ಗೇಟ್ ದಾಟಬ್ಯಾಡ."

ಅವನು ಫೋನನ್ನು ಕಿವಿಗೆ ಹಿಡಿದು ಹೊರಗೆ ಹೋದ. ಗೇಟಿಗೆ ಗೌಡರ ಕಾವಲುಗಾರನಿದ್ದ, ಓಡಿಹೋಗುವ ಭಯವಿರಲಿಲ್ಲ. ನನ್ನ ಪ್ರಾಣವೆಲ್ಲ ಆಗ ಪರದೆಯ ಮೇಲಿತ್ತು. ಎರಡನೆಯ ರಿಂಗು ಕೊಟ್ಟೆ.

ಫ್ಯಾನು ತಿರುಗಿತು. ಸಿದ್ಧೇಶ್ವರನ ಸುತ್ತ ದೀಪಗಳು ಮತ್ತೆ ಹೊತ್ತಿಕೊಂಡವು. ಸ್ವಿಚ್ಚಿನಲ್ಲಿ ಹಳದಿ ಕಣ್ಣು ತೆರೆಯಿತು. ಸರ್ವರು ತಾನು ಬಂದೆ ಎಂದಿತು, ಪರದೆಯ ಮೇಲೆ ಸಾಲುಗಳು ಓಡಿದವು. ಆಮೇಲೆ ಸುಮ್ಮನಾದವು.

"ಅಕ್ಕಾರ, ಏನೂ ಬರವಲ್ದು," ಎಂದಳು ಪೂನಮ.

"ಸಣ್ಣ ಕಂಪ್ಯೂಟರ್ ಇರತಾವು, ಏಳಾಕ ಸ್ವಲ್ಪ ಹೊತ್ತ ಹಿಡಿತೈತಿ. ತಡಿ."

ಅವಳ ಕೈ ನನ್ನ ಕೈಯನ್ನು ಹಿಡಿದುಕೊಂಡಿತು. ತಣ್ಣಗಿತ್ತು. ಬೆಳಗಿನಿಂದ ಒಂದೂ ಮಾತು ಹೆಚ್ಚಾಡದ ಹುಡುಗಿ. ಗೌಡರು ಮಂದಿಯೆದುರು ಬೈದಾಗಲೂ ತಲೆ ತಗ್ಗಿಸಿ ನಿಂತಿದ್ದಳೇ ಹೊರತು ಅತ್ತಿರಲಿಲ್ಲ. ಈ ಹುಡುಗಿಯನ್ನು ಉಳಿಸಿಯೇ ಹೋಗುತ್ತೇನೆ ಎಂದು ನನಗೆ ಆಗ ಪೂರ್ತಿ ಖಾತ್ರಿಯಾಗಿತ್ತು. ಅಷ್ಟು ಸಂತೋಷ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ.

ಹೊಸದೊಂದು ಸಾಲು ಬಂತು. ಈವರೆಗೆ ಕಂಡಿರದ ಯಂತ್ರವೊಂದು ವಿಳಾಸ ಬೇಡುತ್ತಿತ್ತು. ಬಾಯಿಬಿಟ್ಟೆಯಾ ಮಗನೇ ಎಂದು ಜೋರಾಗಿಯೇ ಅಂದುಬಿಟ್ಟೆ. ಸಾಲನ್ನು ಬಿಡಿಸಿ ಒಳಗೆ ನೋಡಿದೆ. ಪೆಟ್ಟಿಗೆಯನ್ನು ಮೊದಲು ಕಟ್ಟಿ ಹೊಂದಿಸಿದವನು ಅದಕ್ಕೆ ತನ್ನದೇ ಹೆಸರಿಟ್ಟಿದ್ದ, ಅಳಿಸಲು ಮರೆತಿದ್ದ. ಇಂಗ್ಲಿಷ್ ಅಕ್ಷರಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು: ಸಮ್ಯಕ್.

"ಸಿಕ್ಕಾನ," ಎಂದೆ. "ಪೂನಮ, ನಿನ್ನ ನೌಕರಿ ಉಳೀತ. ಈ ಸಮ್ಯಕ್ ಯಾರು, ಚೇತನ್‌ನ ಅಂಗಡ್ಯಾವೇನ?"

ನನ್ನ ಕೈಯನ್ನು ಹಿಡಿದಿದ್ದ ಕೈ ಸಡಿಲವಾಯಿತು.

"ಹೌದ್ರಿ. ಅಮಾಸಿ ಸರ್ವಿಸಿಗೆ ಅವನ ಬರತಾನ." ಪರದೆಯಿಂದ ಕಣ್ಣು ಕೀಳದೆಯೇ ಹೇಳಿದಳು. "ನನ್ನ ತಮ್ಮರಿ."

ಮಗಳ ಬಗ್ಗೆ ಪರಸವ್ವನ ಹತ್ತಿರ ನೂರು ಪ್ರಶ್ನೆ ಕೇಳಿದ್ದೆ. ಮನೆಯಲ್ಲಿ ಇನ್ನೂ ಯಾರಿದ್ದಾರೆ ಎಂದು ಕೇಳಬೇಕು ಎನ್ನುವುದು ಈ ಬುದ್ಧಿವಂತ ಪತ್ತೇದಾರಿಣಿಗೆ ಹೊಳೆದಿರಲಿಲ್ಲ.

ಆ ಹುಡುಗ ಗೊತ್ತಿದ್ದೇ ಮಾಡಿದನೋ, ಚೇತನಕುಮಾರ ಹೇಳಿದ್ದನ್ನು ಕಟ್ಟಿಕೊಟ್ಟನೋ, ತನ್ನ ಅಕ್ಕನ ಕುತ್ತಿಗೆಗೇ ಇದು ಬರುತ್ತದೆ ಎಂದು ಅವನಿಗೆ ತಿಳಿದಿತ್ತೋ ಇಲ್ಲವೋ, ಒಂದನ್ನೂ ಕೇಳಲು ಆಗಲಿಲ್ಲ. ಬಾಗಿಲು ತೆರೆಯಿತು. ಗೌಡರು ಏದುಸಿರು ಬಿಡುತ್ತ ಬಂದರು. ಅವರ ಹಿಂದೆ ಹವಾಲ್ದಾರ ಇಸ್ಮಾಯಿಲ. ಅವನ ಹಿಂದೆ, ತೂಕದ ಕಟ್ಟೆಯಿಂದ ಓಡಿ ಬಂದ ಪರಸವ್ವ.

"ಪೆಟ್ಟಿಗಿ ಏನ್ ಹೇಳ್ತ ತಂಗಿ?" ಗೌಡರು ಕೇಳಿದರು. "ಯಾರ ಹೆಸರ ಬಂತು?"

ನಾನು ತುಟಿ ಬಿಚ್ಚುವ ಮುಂಚೆಯೇ ಪೂನಮ ಲ್ಯಾಪ್‌ಟಾಪನ್ನು ಮುಚ್ಚಿದಳು. ಅದರ ಮೇಲೆ ಎರಡೂ ಅಂಗೈಗಳನ್ನು ಊರಿ ಹವಾಲ್ದಾರನ ಕಡೆ ತಿರುಗಿದಳು.

"ಆ ಪೆಟ್ಟಿಗಿ ಇಟ್ಟಾಕಿ ನಾನ್ರಿ. ನನ್ನ ಹೆಸರ ಬರಕೋರಿ."

ಗೌಡರು ನನ್ನನ್ನು ನೋಡಿದರು, ಇಸ್ಮಾಯಿಲ ಗೌಡರನ್ನು ನೋಡಿದ. ಪರಸವ್ವ ಅವರಿಬ್ಬರನ್ನೂ ಸರಿಸಿ ಮುಂದೆ ಬಂದು, ನಮ್ಮ ಕಚೇರಿಯಲ್ಲಿ ಹಿಡಿದಂತೆಯೇ ನನ್ನ ಕೈ ಹಿಡಿದಳು.

"ಇಕಿ ಸುಳ್ಳ ಹೇಳಾಕತ್ತಾಳ್ರಿ ಬಾಯಾರ. ನಿಮಗ ಗೊತ್ತೈತಿ. ಯಾರ ಹೆಸರ ಬಂದೈತಿ, ಅದನ್ನ ಹೇಳ್ರಿ."